ಬ್ಯಾಡ್ಜ್ ಕಾಪಾಡುವುದಿಲ್ಲ: ಆಸ್ಪತ್ರೆಯ ಸಿಬ್ಬಂದಿ ಮತ್ತು ವಿಕಿರಣದ ಅರಿವು

ನಮ್ಮ ಸಂಘದ ಯಾವುದೇ ಸಮಾರಂಭದಲ್ಲಿ ಊಟದ ಸಾಲಿನಲ್ಲಿ ನಿಂತು ಅಕ್ಕಪಕ್ಕದವರನ್ನು ಮಾತನಾಡಿಸಿ ನೋಡಿ. ಐಟಿಯವರನ್ನು ಬಿಟ್ಟರೆ ಹೆಚ್ಚಿನವರು ಆಸ್ಪತ್ರೆಗಳಲ್ಲಿ ದುಡಿಯುವವರು. ವೈದ್ಯರು, ರೇಡಿಯೋಗ್ರಾಫರ್‌ಗಳು, ಮಂಗಳೂರು ಉಡುಪಿ ಕಡೆಯಿಂದ ಬಂದ ನರ್ಸ್‌ಗಳು, ಥಿಯೇಟರ್ ಸಹಾಯಕರು, ರೋಗಿಗಳನ್ನು ವಾರ್ಡಿನಿಂದ ಸ್ಕ್ಯಾನ್ ಕೋಣೆಗೆ ಕರೆದೊಯ್ಯುವ ಪೋರ್ಟರ್‌ಗಳು. ಇವರಲ್ಲಿ ಬಹಳ ಮಂದಿಯ ಕೆಲಸದ ದಿನದಲ್ಲಿ ಎಲ್ಲೋ ಒಂದು ಕಡೆ ವಿಕಿರಣದ ಸಂಗತಿ ಬಂದೇ ಬರುತ್ತದೆ. ಹಾಗಾಗಿ ಈ ವರ್ಷದ ಸ್ಮರಣ ಸಂಚಿಕೆಗೆ ಲೇಖನ ಕೊಡಿ ಎಂದು ಸಂಪಾದಕರು ಕೇಳಿದಾಗ ವಿಷಯ ಹುಡುಕಲು ನಾನು ದೂರ ಹೋಗಬೇಕಾಗಲಿಲ್ಲ.

ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನಾನು ವೈದ್ಯಕೀಯ ಭೌತವಿಜ್ಞಾನಿ. ಎಕ್ಸ್-ರೇ ಯಂತ್ರಗಳನ್ನು ಪರೀಕ್ಷಿಸುವುದು, ವಿಕಿರಣದ ಪ್ರಮಾಣ ಅಳೆಯುವುದು, ಸಿಬ್ಬಂದಿಗೆ ಸುರಕ್ಷತೆಯ ತರಬೇತಿ ಕೊಡುವುದು ನನ್ನ ಕೆಲಸ. ತರಬೇತಿಯ ಆರಂಭದಲ್ಲಿ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಒಂದು: ಈಗಷ್ಟೇ ಎಕ್ಸ್-ರೇ ತೆಗೆಸಿಕೊಂಡು ಬಂದ ರೋಗಿಯ ಪಕ್ಕ ಕುಳಿತರೆ ನಿಮಗೆ ವಿಕಿರಣ ತಗಲುತ್ತದೆಯೇ? ಎರಡು: ಆಪರೇಷನ್ ಥಿಯೇಟರಿನಲ್ಲಿ ಎಕ್ಸ್-ರೇ ಯಂತ್ರ ಓಡುತ್ತಿರುವಾಗ ನಿಮಗೆ ತಗಲುವ ಕಿರಣದಲ್ಲಿ ಹೆಚ್ಚಿನ ಪಾಲು ಎಲ್ಲಿಂದ ಬರುತ್ತದೆ?

ಮೊದಲ ಪ್ರಶ್ನೆಗೆ ಪ್ರತಿ ಸಲವೂ ಕೆಲವರು 'ಹೌದು' ಎಂದು ಕೈ ಎತ್ತುತ್ತಾರೆ. ಸರಿಯುತ್ತರ 'ಇಲ್ಲ'. ಎರಡನೆಯದಕ್ಕೆ ಹೆಚ್ಚಿನವರು 'ಯಂತ್ರದಿಂದ' ಎನ್ನುತ್ತಾರೆ. ಸರಿಯುತ್ತರ 'ರೋಗಿಯ ಮೈಯಿಂದ'. ಈ ಎರಡು ಉತ್ತರಗಳಲ್ಲೇ ನಾನು ಹೇಳಬೇಕಾದ ವಿಷಯವೆಲ್ಲ ಇದೆ. ಆಸ್ಪತ್ರೆಯಲ್ಲಿ ವಿಕಿರಣದ ಭಯಕ್ಕೆ ಕೊರತೆಯಿಲ್ಲ. ಆದರೆ ಆ ಭಯ ಇರಬಾರದ ಕಡೆ ಇದೆ, ಎಚ್ಚರ ಇರಬೇಕಾದ ಕಡೆ ಇಲ್ಲ. ಎರಡರಿಂದಲೂ ನಷ್ಟವಿದೆ.

ಕೈ ಸುಟ್ಟುಕೊಂಡು ಕಲಿತ ಪಾಠ

1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ತ್ಸ್‌ಬುರ್ಗ್‌ನಲ್ಲಿ ವಿಲ್‌ಹೆಲ್ಮ್ ರಾಂಟ್‌ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದರು. ಅದೇ ಡಿಸೆಂಬರಿನಲ್ಲಿ ತಮ್ಮ ಪತ್ನಿಯ ಕೈಯ ಚಿತ್ರ ತೆಗೆದರು. ಮೂಳೆಗಳು, ಬೆರಳಿನ ಉಂಗುರ ಸ್ಪಷ್ಟವಾಗಿ ಕಂಡವು. ಕೆಲವೇ ತಿಂಗಳುಗಳಲ್ಲಿ ಯುರೋಪು ಅಮೆರಿಕಗಳ ಆಸ್ಪತ್ರೆಗಳಿಗೆ ಈ ಯಂತ್ರ ಬಂದಿತು. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಆ ಕಾಲದವರು ತಮ್ಮದೇ ಕೈಯನ್ನು ಕಿರಣಕ್ಕೆ ಹಿಡಿಯುತ್ತಿದ್ದರು. ನೋವಿಲ್ಲ, ಬಿಸಿಯಿಲ್ಲ, ವಾಸನೆಯಿಲ್ಲ. ವಾರಗಳ ನಂತರ ಚರ್ಮ ಕೆಂಪಾಗಿ ಹುಣ್ಣಾಗುತ್ತಿತ್ತು, ವರ್ಷಗಳ ನಂತರ ಕ್ಯಾನ್ಸರ್ ಆಗುತ್ತಿತ್ತು. ಥಾಮಸ್ ಎಡಿಸನ್‌ನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಹೀಗೆಯೇ 1904ರಲ್ಲಿ ತೀರಿಕೊಂಡ. ಹ್ಯಾಂಬರ್ಗ್‌ನ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ 1936ರಲ್ಲಿ ಒಂದು ಸ್ಮಾರಕ ನಿಲ್ಲಿಸಿದರು. ವಿಕಿರಣದಿಂದ ಪ್ರಾಣ ಬಿಟ್ಟ ವೈದ್ಯರು, ವಿಜ್ಞಾನಿಗಳು, ತಂತ್ರಜ್ಞರು, ನರ್ಸ್‌ಗಳು, ಹೀಗೆ 169 ಮಂದಿಯ ಹೆಸರನ್ನು ಅದರ ಮೇಲೆ ಕೆತ್ತಲಾಯಿತು. ಆಮೇಲೆ ಇನ್ನೂ ಹೆಸರುಗಳು ಸೇರಿದವು.

ಇಂದಿನ ನಿಯಮಗಳ ಹಿಂದೆ ಈ ಹೆಸರುಗಳಿವೆ. ಬ್ರಿಟನ್ನಿನಲ್ಲಿ ಈಗ ನೌಕರರ ರಕ್ಷಣೆಗೆ ಇರುವ ವಿಕಿರಣ ನಿಯಮಾವಳಿ 2017ರದು. 2018ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಅದರ ಪ್ರಕಾರ ವಿಕಿರಣದ ಕೆಲಸ ಮಾಡುವ ವಯಸ್ಕ ನೌಕರರಿಗೆ ವರ್ಷಕ್ಕೆ ಇಡೀ ದೇಹಕ್ಕೆ 20 ಮಿಲಿಸೀವರ್ಟ್, ಕಣ್ಣಿನ ಮಸೂರಕ್ಕೆ 20, ಕೈಕಾಲುಗಳಿಗೆ 500 ಮಿಲಿಸೀವರ್ಟ್ ಮಿತಿ. ಸಾರ್ವಜನಿಕರಿಗೆ ವರ್ಷಕ್ಕೆ 1. ಭಾರತದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇಟ್ಟಿರುವ ಮಿತಿಯೂ ಇದಕ್ಕೆ ಹತ್ತಿರ: ಐದು ವರ್ಷಗಳ ಸರಾಸರಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು.

ಎಷ್ಟು ಎಂದರೆ ಎಷ್ಟು?

ಮಿಲಿಸೀವರ್ಟ್ ಎಂದರೆ ದೇಹಕ್ಕೆ ತಗಲಿದ ವಿಕಿರಣದ ಪರಿಣಾಮವನ್ನು ಅಳೆಯುವ ಮಾನ. ಈ ಅಂಕಿಗಳು ಮನಸ್ಸಿಗೆ ಹತ್ತಬೇಕಾದರೆ ಹೋಲಿಕೆ ಬೇಕು. ವಿಕಿರಣ ಮನುಷ್ಯ ಮಾಡಿದ ಯಂತ್ರದಲ್ಲಷ್ಟೇ ಇರುವುದಿಲ್ಲ. ನೆಲದಿಂದ, ಆಕಾಶದಿಂದ, ತಿನ್ನುವ ಅನ್ನದಿಂದ, ಮನೆಯೊಳಗಿನ ರೇಡಾನ್ ಅನಿಲದಿಂದ ಎಲ್ಲರಿಗೂ ದಿನವೂ ಸ್ವಲ್ಪ ಸ್ವಲ್ಪ ಬರುತ್ತಲೇ ಇರುತ್ತದೆ. ಬ್ರಿಟನ್ನಿನಲ್ಲಿ ಒಬ್ಬ ವ್ಯಕ್ತಿಗೆ ವರ್ಷಕ್ಕೆ ಸರಾಸರಿ 2.7 ಮಿಲಿಸೀವರ್ಟ್ ತಗಲುತ್ತದೆ. ಗ್ರಾನೈಟ್ ನೆಲದ ಕಾರ್ನ್‌ವಾಲ್‌ನಲ್ಲಿ ಅದು ಸುಮಾರು 7. ನಮ್ಮ ಮಂಗಳೂರಿನ ಪಕ್ಕದ ಉಳ್ಳಾಲದ ಕಡಲತೀರದಲ್ಲೂ ಮೊನಜೈಟ್ ಮರಳಿರುವ ಕೆಲವು ಜಾಗಗಳಲ್ಲಿ ನೈಸರ್ಗಿಕ ವಿಕಿರಣ ಸುತ್ತಲಿನ ನೆಲಕ್ಕಿಂತ ಹೆಚ್ಚು.

ಈಗ ಆಸ್ಪತ್ರೆಯ ಲೆಕ್ಕ ನೋಡಿ. ಹಲ್ಲಿನ ಒಂದು ಎಕ್ಸ್-ರೇ 0.005 ಮಿಲಿಸೀವರ್ಟ್. ಎದೆಯ ಎಕ್ಸ್-ರೇ 0.014, ಅಂದರೆ ಎರಡು ದಿನ ಸುಮ್ಮನೆ ಮನೆಯಲ್ಲಿ ಕೂತರೂ ಬರುವಷ್ಟು. ಅಟ್ಲಾಂಟಿಕ್ ದಾಟುವ ಒಂದು ವಿಮಾನ ಪ್ರಯಾಣಕ್ಕೆ 0.08. ತಲೆಯ ಸಿಟಿ ಸ್ಕ್ಯಾನ್ 1.4. ಎದೆಯ ಸಿಟಿ ಸ್ಕ್ಯಾನ್ 6.6. ಒಂದೇ ಎದೆ, ಎರಡು ಬಗೆಯ ಚಿತ್ರ. ಆದರೆ ಎರಡನೆಯದು ಮೊದಲನೆಯದರ ಸುಮಾರು 470 ಪಟ್ಟು.

ಅಪಾಯದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗದ ಅಂದಾಜನ್ನು ಸರಳವಾಗಿ ಹೇಳುವುದಾದರೆ, 1 ಮಿಲಿಸೀವರ್ಟ್‌ನಿಂದ ಜೀವಮಾನದಲ್ಲಿ ಮಾರಕ ಕ್ಯಾನ್ಸರ್ ಬರುವ ಹೆಚ್ಚುವರಿ ಸಾಧ್ಯತೆ ಸುಮಾರು 20,000ದಲ್ಲಿ ಒಂದು. ಇದು ಸೊನ್ನೆಯಲ್ಲ. ನಿದ್ದೆಗೆಡುವಷ್ಟು ದೊಡ್ಡದೂ ಅಲ್ಲ. ತಲೆಗೆ ಪೆಟ್ಟು ಬಿದ್ದವರು ವಿಕಿರಣಕ್ಕೆ ಹೆದರಿ ಸಿಟಿ ಸ್ಕ್ಯಾನ್ ಬೇಡವೆಂದರೆ ಅವರು ಸಣ್ಣ ಅಪಾಯಕ್ಕೆ ಅಂಜಿ ದೊಡ್ಡದನ್ನು ಮೈಮೇಲೆ ಎಳೆದುಕೊಂಡಂತೆ.

ಈ ಲೆಕ್ಕ ವೈದ್ಯರಿಗಾದರೂ ಗೊತ್ತಿರಬೇಕಲ್ಲವೇ? 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 130 ವೈದ್ಯರಿಗೆ ಬೇರೆ ಬೇರೆ ಪರೀಕ್ಷೆಗಳಲ್ಲಿ ರೋಗಿಗೆ ಎಷ್ಟು ವಿಕಿರಣ ತಗಲುತ್ತದೆಂದು ಅಂದಾಜಿಸಲು ಹೇಳಿದ್ದರು. ಉತ್ತರಗಳಲ್ಲಿ ನೂರಕ್ಕೆ 97 ನಿಜವಾದ ಪ್ರಮಾಣಕ್ಕಿಂತ ಕಡಿಮೆ ಇದ್ದವು. ಅಲ್ಟ್ರಾಸೌಂಡ್‌ನಲ್ಲಿ ಈ ಬಗೆಯ ವಿಕಿರಣವೇ ಇಲ್ಲವೆಂಬುದು 6 ವೈದ್ಯರಿಗೆ ತಿಳಿದಿರಲಿಲ್ಲ. ಎಂಆರ್‌ಐಯಲ್ಲಿ ಇಲ್ಲವೆಂಬುದು 11 ಮಂದಿಗೆ ತಿಳಿದಿರಲಿಲ್ಲ. ಅಲ್ಟ್ರಾಸೌಂಡ್ ಕೆಲಸ ಮಾಡುವುದು ಶಬ್ದದ ಅಲೆಯಿಂದ, ಎಂಆರ್‌ಐ ಕಾಂತಶಕ್ತಿ ಮತ್ತು ರೇಡಿಯೋ ಅಲೆಯಿಂದ. ಪರೀಕ್ಷೆಗೆ ಬರೆದುಕೊಡುವವರ ಸ್ಥಿತಿಯೇ ಹೀಗಿದ್ದರೆ, ವಿಕಿರಣದ ಬಗ್ಗೆ ಒಂದು ಗಂಟೆಯ ಪಾಠವನ್ನೂ ಕೇಳದೆ ಥಿಯೇಟರಿಗೆ ಬರುವ ನರ್ಸ್ ಅಥವಾ ಸಹಾಯಕರನ್ನು ದೂರಿ ಪ್ರಯೋಜನವಿಲ್ಲ.

ಕಿರಣ ಚದುರುವುದು ರೋಗಿಯ ಮೈಯಿಂದ

ಮುರಿದ ಮೂಳೆಗೆ ಸ್ಕ್ರೂ ಹಾಕುವಾಗ, ಹೃದಯದ ನಾಳಕ್ಕೆ ಸ್ಟೆಂಟ್ ಇಡುವಾಗ ವೈದ್ಯರು ಪರದೆಯ ಮೇಲೆ ಚಲಿಸುವ ಎಕ್ಸ್-ರೇ ಚಿತ್ರ ನೋಡಿಕೊಂಡು ಕೆಲಸ ಮಾಡುತ್ತಾರೆ. ಮೂಳೆ ಶಸ್ತ್ರಚಿಕಿತ್ಸೆಗೆ ಬಳಸುವ ಅರ್ಧಚಂದ್ರದಂಥ ಯಂತ್ರಕ್ಕೆ ಸಿ-ಆರ್ಮ್ ಎನ್ನುತ್ತಾರೆ. ಒಂದು ತುದಿಯಲ್ಲಿ ಕಿರಣ ಹೊರಡುವ ಕೊಳವೆ, ಇನ್ನೊಂದು ತುದಿಯಲ್ಲಿ ಚಿತ್ರ ಹಿಡಿಯುವ ಫಲಕ, ನಡುವೆ ರೋಗಿ. ಕೊಳವೆಯ ಸುತ್ತ ಸೀಸದ ಕವಚವಿರುವುದರಿಂದ ಕಿರಣ ಕಿರಿದಾದ ದಾರಿಯಲ್ಲಿ ಮಾತ್ರ ಹೊರಗೆ ಬರುತ್ತದೆ. ಆ ದಾರಿಯಲ್ಲಿ ಕೈ ಇಡದಿದ್ದರೆ ನೇರ ಕಿರಣ ಯಾರಿಗೂ ತಗಲುವುದಿಲ್ಲ.

ಆದರೆ ಕಿರಣ ರೋಗಿಯ ಮೈಗೆ ಬಡಿದಾಗ ಅದರಲ್ಲಿ ಒಂದು ಪಾಲು ನಾನಾ ದಿಕ್ಕಿಗೆ ಚದುರುತ್ತದೆ. ರಭಸದ ನಲ್ಲಿ ನೀರಿಗೆ ಚಮಚ ಹಿಡಿದಾಗ ಸುತ್ತ ನಿಂತವರ ಬಟ್ಟೆಯೆಲ್ಲ ನೆನೆಯುವ ಹಾಗೆ. ಥಿಯೇಟರಿನಲ್ಲಿ ನಿಂತವರಿಗೆ ಬರುವುದು ಈ ಚದುರಿದ ಕಿರಣ. ಕಿರಣ ಮೈಯೊಳಗೆ ಹೊಗುವ ಕಡೆ, ಅಂದರೆ ಕೊಳವೆ ಇರುವ ಕಡೆ, ಚದುರುವುದು ಅತಿ ಹೆಚ್ಚು. ಆದ್ದರಿಂದಲೇ ಸಾಧ್ಯವಾದಾಗಲೆಲ್ಲ ಕೊಳವೆಯನ್ನು ಮೇಜಿನ ಕೆಳಗೆ, ಫಲಕವನ್ನು ಮೇಲೆ ಇಡಬೇಕು. ಕೊಳವೆ ಮೇಲಿದ್ದರೆ ಆ ಚದುರಿದ ಕಿರಣದ ಹೆಚ್ಚಿನ ಪಾಲು ನಿಂತವರ ಮುಖಕ್ಕೂ ಕಣ್ಣಿಗೂ ಬರುತ್ತದೆ.

ಇದನ್ನು ತಿಳಿದವರಿಗೆ ರಕ್ಷಣೆಯ ಮೂರು ಸೂತ್ರಗಳೂ ತಾವಾಗಿ ಹೊಳೆಯುತ್ತವೆ: ಸಮಯ, ದೂರ, ತಡೆ. ಪೆಡಲ್ ಒತ್ತುವ ಹೊತ್ತು ಕಡಿಮೆಯಾದಷ್ಟೂ ಪ್ರಮಾಣ ಕಡಿಮೆ. ದೂರದ ಲಾಭ ಇನ್ನೂ ದೊಡ್ಡದು. ಚದುರುವ ಜಾಗದಿಂದ ಎರಡರಷ್ಟು ದೂರ ಹೋದರೆ ಪ್ರಮಾಣ ಸುಮಾರು ನಾಲ್ಕನೇ ಒಂದು ಭಾಗಕ್ಕೆ, ಮೂರರಷ್ಟು ಹೋದರೆ ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಅರ್ಧ ಮೀಟರಿನಲ್ಲಿ ನಿಂತ ನರ್ಸ್ ಒಂದೂವರೆ ಮೀಟರಿಗೆ ಸರಿಯುವುದೆಂದರೆ ಎರಡು ಹೆಜ್ಜೆ. ಆ ಎರಡು ಹೆಜ್ಜೆಗೆ ಕಾಸಿನ ಖರ್ಚಿಲ್ಲ.

ಮೂರನೆಯದು ಸೀಸದ ಏಪ್ರನ್. ಥಿಯೇಟರಿನಲ್ಲಿ ಎದುರಾಗುವ ಚದುರಿದ ಕಿರಣದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ಅದು ತಡೆಯುತ್ತದೆ. ಆದರೆ ಎದುರಿಗೆ ಮಾತ್ರ ಹೊದಿಕೆಯಿರುವ ಏಪ್ರನ್ ತೊಟ್ಟು ಟ್ರಾಲಿಯ ಕಡೆ ತಿರುಗಿದರೆ ಬೆನ್ನು ಬಯಲಿಗೆ ಬೀಳುತ್ತದೆ. ಕೆಲಸ ಮುಗಿದ ಮೇಲೆ ಏಪ್ರನ್ ಮಡಚಿ ಕುರ್ಚಿಯ ಮೇಲೆ ಎಸೆದರೆ ಒಳಗಿನ ಪದರ ಬಿರುಕು ಬಿಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಅದನ್ನು ತೂಗುಹಾಕಬೇಕು, ಆಗಾಗ ಎಕ್ಸ್-ರೇ ಅಡಿಯಲ್ಲೇ ಪರೀಕ್ಷಿಸಬೇಕು. ಇನ್ನು ಕಣ್ಣು. ಕಣ್ಣಿನ ಮಸೂರದ ಮಿತಿ ಮೊದಲು ವರ್ಷಕ್ಕೆ 150 ಮಿಲಿಸೀವರ್ಟ್ ಇತ್ತು. ಅದಕ್ಕಿಂತ ಕಡಿಮೆ ಪ್ರಮಾಣದಲ್ಲೂ ಪೊರೆ ಬರಬಹುದೆಂದು ತಿಳಿದ ಮೇಲೆ ಅಂತರರಾಷ್ಟ್ರೀಯ ಆಯೋಗ 2011ರಲ್ಲಿ ಅದನ್ನು 20ಕ್ಕೆ ಇಳಿಸಲು ಶಿಫಾರಸು ಮಾಡಿತು. ಹೃದಯದ ನಾಳಗಳ ಕೆಲಸ ಮಾಡುವವರು ಮೇಲಿನಿಂದ ಇಳಿಬಿಟ್ಟ ಸೀಸದ ಗಾಜನ್ನು ಅಡ್ಡ ಎಳೆದುಕೊಳ್ಳುವುದೂ ಸೀಸದ ಕನ್ನಡಕ ಹಾಕುವುದೂ ಈ ಕಾರಣಕ್ಕೆ.

ಯಾವ ರೋಗಿಯಲ್ಲಿ ವಿಕಿರಣ ಉಳಿಯುತ್ತದೆ?

ಎಕ್ಸ್-ರೇ ಅಥವಾ ಸಿಟಿ ಮುಗಿದ ಕೂಡಲೇ ವಿಕಿರಣವೂ ಮುಗಿಯಿತು. ಸ್ವಿಚ್ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುವುದಿಲ್ಲವಲ್ಲ, ಹಾಗೆಯೇ. ರೋಗಿಯ ಮೈಯಲ್ಲಿ, ಹಾಸಿಗೆಯಲ್ಲಿ, ಗೋಡೆಯಲ್ಲಿ ಏನೂ ಉಳಿಯುವುದಿಲ್ಲ. ಕ್ಯಾನ್ಸರಿಗೆ ಹೊರಗಿನ ಯಂತ್ರದಿಂದ ವಿಕಿರಣ ಚಿಕಿತ್ಸೆ ಪಡೆದವರೂ ಮನೆಗೆ ಹೋಗಿ ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು. ಇದನ್ನು ತಿಳಿಯದೆ ಮನೆಯವರು ಅಂಥವರ ತಟ್ಟೆ ಲೋಟ ಬೇರೆ ಇಟ್ಟ ಕಥೆಗಳನ್ನು ನಾನು ಊರಿನಲ್ಲೂ ಕೇಳಿದ್ದೇನೆ, ಇಲ್ಲಿಯೂ ಕೇಳಿದ್ದೇನೆ. ಕಾಯಿಲೆಯ ನೋವಿನ ಮೇಲೆ ಈ ನೋವು ಯಾರಿಗೂ ಬೇಡ.

ನಿಜವಾಗಿ ಎಚ್ಚರ ಬೇಕಾದದ್ದು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಿಂದ ಬಂದ ರೋಗಿಗಳ ವಿಷಯದಲ್ಲಿ. ಅಲ್ಲಿ ವಿಕಿರಣಶೀಲ ಔಷಧಿಯನ್ನು ಮೈಯೊಳಗೇ ಕೊಡುತ್ತಾರೆ. ಮೂಳೆ ಸ್ಕ್ಯಾನಿಗೆ ಬಳಸುವ ಟೆಕ್ನೀಷಿಯಂ ಪ್ರತಿ 6 ಗಂಟೆಗೆ ಅರ್ಧವಾಗುತ್ತದೆ. ಒಂದು ದಿನ ಕಳೆದರೆ ಹದಿನಾರನೇ ಒಂದು ಭಾಗ. ಪೆಟ್ ಸ್ಕ್ಯಾನಿನ ಫ್ಲೋರಿನ್ 110 ನಿಮಿಷಕ್ಕೆ ಅರ್ಧವಾಗುತ್ತದೆ. ಥೈರಾಯ್ಡ್ ಚಿಕಿತ್ಸೆಯ ಅಯೋಡಿನ್‌ಗೆ 8 ದಿನ ಬೇಕು. ಆದ್ದರಿಂದಲೇ ಕ್ಯಾನ್ಸರಿಗೆ ಹೆಚ್ಚು ಪ್ರಮಾಣದಲ್ಲಿ ಅದನ್ನು ಪಡೆದವರನ್ನು ಕೆಲವು ದಿನ ಪ್ರತ್ಯೇಕ ಕೋಣೆಯಲ್ಲಿ ಇರಿಸುತ್ತಾರೆ. ಇಂಥ ರೋಗಿಯ ಮೂತ್ರದಲ್ಲೂ ಬೆವರಿನಲ್ಲೂ ಔಷಧಿ ಹೊರಬರುತ್ತದೆ. ವಾರ್ಡಿನ ನರ್ಸಿಗೆ ಕೈಗವಸು ಬೇಕು, ಸೂಚನೆ ಬೇಕು. ಪೋರ್ಟರಿಗೂ ಕಸ ಗುಡಿಸುವವರಿಗೂ ಅದೇ ಸೂಚನೆ ಸಿಗಬೇಕು. ಮಾಹಿತಿಯ ಸರಪಳಿ ಬಹುತೇಕ ತುಂಡಾಗುವುದು ಇವರ ಹತ್ತಿರ ಬಂದಾಗಲೇ.

ಲಾಕರಿನಲ್ಲಿ ಮಲಗಿದ ಬ್ಯಾಡ್ಜ್

ವಿಕಿರಣದ ಕೆಲಸ ಮಾಡುವವರು ಎದೆಗೋ ಸೊಂಟಕ್ಕೋ ಸಿಕ್ಕಿಸಿಕೊಳ್ಳುವ ಚಿಕ್ಕ ಬ್ಯಾಡ್ಜ್ ಅನ್ನು ನೀವು ನೋಡಿರಬಹುದು. ಅದರೊಳಗಿನ ಹರಳು ತನಗೆ ತಗಲಿದ ವಿಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಬಿಸಿ ಮಾಡಿದಾಗ, ಕೆಲವು ಬಗೆಯಲ್ಲಿ ಬೆಳಕು ಹಾಯಿಸಿದಾಗ, ಹೊಳೆಯುತ್ತದೆ. ಎಷ್ಟು ಹೊಳಪೋ ಅಷ್ಟು ವಿಕಿರಣ. ಭಾರತದಲ್ಲಿ ಬಳಸುವ ಬ್ಯಾಡ್ಜ್‌ನ ಕ್ಯಾಲ್ಸಿಯಂ ಸಲ್ಫೇಟ್ ಬಿಲ್ಲೆಗಳನ್ನು ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ರೂಪಿಸಿದರು. ಬೆಂಗಳೂರಿನಲ್ಲಿ ಕೆಲಸ ಮಾಡಿ ಬಂದ ನಮ್ಮ ರೇಡಿಯೋಗ್ರಾಫರ್ ಗೆಳೆಯರಿಗೆ ಅದು ಚೆನ್ನಾಗಿ ಪರಿಚಿತ.

'ಬ್ಯಾಡ್ಜ್ ಹಾಕಿದ್ದೇನೆ, ನನಗೇನೂ ಆಗುವುದಿಲ್ಲ' ಎನ್ನುವವರನ್ನು ನಾನು ಪದೇ ಪದೇ ಕಾಣುತ್ತೇನೆ. ಥರ್ಮಾಮೀಟರ್ ಜ್ವರ ಇಳಿಸುವುದಿಲ್ಲ. ಬ್ಯಾಡ್ಜ್ ವಿಕಿರಣ ತಡೆಯುವುದಿಲ್ಲ. ಅದರ ಕೆಲಸ ಹೇಳುವುದು ಮಾತ್ರ. ಲಾಕರಿನಲ್ಲಿಟ್ಟ ಬ್ಯಾಡ್ಜ್ ಲಾಕರಿನ ಕಥೆ ಹೇಳುತ್ತದೆ. ಥಿಯೇಟರಿನಲ್ಲಿ ತೂಗುಹಾಕಿದ ಏಪ್ರನ್ನಿನ ಮೇಲೆ ಮರೆತು ಬಿಟ್ಟದ್ದು ಯಾರದೋ ಕಥೆ ಹೇಳುತ್ತದೆ. ನಿಮ್ಮ ಕಥೆ ಯಾರಿಗೂ ತಿಳಿಯುವುದೇ ಇಲ್ಲ.

ಒಮ್ಮೆ ತರಬೇತಿ ಮುಗಿಸಿ ನಾನು ವೈರುಗಳನ್ನು ಸುತ್ತಿಡುತ್ತಿದ್ದಾಗ ಕರಾವಳಿಯ ಕಡೆಯ ಥಿಯೇಟರ್ ನರ್ಸ್ ಒಬ್ಬಳು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಅಕ್ಕಾ, ಯಾರಿಗೂ ಹೇಳ್ಬೇಡಿ ಆಯ್ತಾ? ನನಗೀಗ ಮೂರು ತಿಂಗಳು," ಎಂದಳು. ಮೂಳೆ ಥಿಯೇಟರಿನಲ್ಲಿ ದಿನವೂ ಸಿ-ಆರ್ಮ್ ಪಕ್ಕ ಅವಳ ಕೆಲಸ. ಮೇಲಿನವರಿಗೆ ಹೇಳಿದರೆ ಆ ಥಿಯೇಟರಿನಿಂದಲೇ ತೆಗೆದುಹಾಕುತ್ತಾರೆ, ವೀಸಾಕ್ಕೂ ತೊಂದರೆಯಾಗಬಹುದು ಎಂದು ಯಾರೋ ಹೆದರಿಸಿದ್ದರು. ಊರಿನಿಂದ ಅತ್ತೆ ದಿನಕ್ಕೆರಡು ಸಲ ಫೋನ್ ಮಾಡಿ ಕೆಲಸ ಬಿಡು ಎನ್ನುತ್ತಿದ್ದರು. "ಬ್ಯಾಡ್ಜ್‌ನಲ್ಲಿ ಜಾಸ್ತಿ ಬಂದ್ರೆ ಗೊತ್ತಾಗಿ ಬಿಡ್ತದೆ ಅಂತ ಅದನ್ನು ಬ್ಯಾಗಲ್ಲೇ ಇಟ್ಟಿದ್ದೇನೆ," ಎಂದಳು.

ಅವಳಿಗೆ ನಾನು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ, ಏಕೆಂದರೆ ಈ ಪ್ರಶ್ನೆ ಅವಳೊಬ್ಬಳದಲ್ಲ. ಬಸುರಿ ಎಂದು ಲಿಖಿತವಾಗಿ ತಿಳಿಸಿದ ಕ್ಷಣದಿಂದ ಕಾನೂನಿನ ರಕ್ಷಣೆ ಶುರುವಾಗುತ್ತದೆ. ಅಲ್ಲಿಂದ ಹೆರಿಗೆಯವರೆಗೆ ಮಗುವಿಗೆ 1 ಮಿಲಿಸೀವರ್ಟ್ ಮೀರದಂತೆ ನೋಡಿಕೊಳ್ಳುವುದು ಆಸ್ಪತ್ರೆಯ ಹೊಣೆ. ಭಾರತದಲ್ಲೂ ಇದೇ ಮಿತಿ. ಹೇಳದಿದ್ದರೆ ಆ ಹೊಣೆ ಯಾರ ಮೇಲೂ ಬರುವುದಿಲ್ಲ. ಎಕ್ಸ್-ರೇ ಕೆಲಸದಲ್ಲಿ ತಾಯಿಯ ಹೊಟ್ಟೆಯ ಮೇಲ್ಮೈಗೆ ತಗಲಿದ ಪ್ರಮಾಣದಲ್ಲಿ ಸುಮಾರು ಅರ್ಧ ಮಾತ್ರ ಮಗುವನ್ನು ಮುಟ್ಟುತ್ತದೆ. ಏಪ್ರನ್ ತೊಟ್ಟರೆ ಆ ಮೇಲ್ಮೈಯ ಪ್ರಮಾಣವೇ ತೀರ ಕಡಿಮೆ. ಕೆಲಸ ಬಿಡಬೇಕಾಗಿಲ್ಲ. ಏಪ್ರನ್ನಿನ ಒಳಗೆ ಸೊಂಟದ ಹತ್ತಿರ ಬ್ಯಾಡ್ಜ್ ಧರಿಸಬೇಕು, ಎರಡು ಹೆಜ್ಜೆ ಹಿಂದೆ ನಿಲ್ಲಬೇಕು, ಕೆಲಸದ ಅಪಾಯದ ಅಂದಾಜನ್ನು ಹೊಸದಾಗಿ ಮಾಡಿಸಬೇಕು. ಮರುದಿನ ಅವಳು ಪತ್ರ ಕೊಟ್ಟಳು. ಬ್ಯಾಗಿನಲ್ಲಿದ್ದ ಬ್ಯಾಡ್ಜ್‌ನಿಂದ ಆ ಮೂರು ತಿಂಗಳ ಲೆಕ್ಕ ಸಿಗುವಂತಿರಲಿಲ್ಲ. ಜೊತೆಯವರ ಬ್ಯಾಡ್ಜ್‌ಗಳಿಂದಲೂ ಯಂತ್ರದ ದಾಖಲೆಗಳಿಂದಲೂ ಅಂದಾಜು ಕಟ್ಟಿದೆವು. ಅದು ಮಿತಿಗಿಂತ ಬಹಳ ಕೆಳಗಿತ್ತು. ಆದರೆ ಅಷ್ಟು ದಿನ ಅವಳು ಒಬ್ಬಳೇ ನುಂಗಿದ ಆತಂಕವನ್ನು ಯಾವ ಬ್ಯಾಡ್ಜೂ ಅಳೆಯಲಾರದು.

ಅರಿವು ಏಕೆ ಹರಡುವುದಿಲ್ಲ?

ತರಬೇತಿ ಇಲ್ಲವೆಂದಲ್ಲ. ಕಂಪ್ಯೂಟರಿನ ಮುಂದೆ ಕುಳಿತು 'ಮುಂದೆ, ಮುಂದೆ' ಎಂದು ಒತ್ತಿ ಪ್ರಮಾಣಪತ್ರ ಪಡೆಯುವ ತರಬೇತಿ ವರ್ಷವರ್ಷವೂ ನಡೆಯುತ್ತದೆ. ಏಜೆನ್ಸಿಯಿಂದ ಒಂದು ರಾತ್ರಿಗೆ ಬಂದವರಿಗೆ ಅದೂ ತಪ್ಪಬಹುದು. ಎರಡನೆಯ ಕಾರಣ ಮೇಲುಕೀಳು. ಹಿರಿಯ ಸರ್ಜನ್ ಪೆಡಲ್ ಮೇಲೆ ಕಾಲಿಟ್ಟಾಗ "ಸರ್, ಒಂದು ನಿಮಿಷ, ನಾನಿನ್ನೂ ಏಪ್ರನ್ ಹಾಕಿಲ್ಲ" ಎನ್ನಲು ಹೊಸಬರಿಗೆ ನಾಲಗೆ ಏಳುವುದಿಲ್ಲ. ನಮ್ಮ ಕಡೆಯಿಂದ ಬಂದವರಲ್ಲಿ ಈ ಸಂಕೋಚ ಇನ್ನೂ ಹೆಚ್ಚು. ದೊಡ್ಡವರಿಗೆ ಎದುರಾಡಬಾರದೆಂದು ಕಲಿತು ಬೆಳೆದವರು ನಾವು. ಇದು ಎದುರಾಡುವ ಮಾತಲ್ಲ. ಪ್ರತಿ ವಿಭಾಗದಲ್ಲೂ ವಿಕಿರಣ ರಕ್ಷಣೆಯ ಮೇಲ್ವಿಚಾರಕರೆಂದು ಒಬ್ಬರನ್ನು ನೇಮಿಸಿರುತ್ತಾರೆ, 'ಲೋಕಲ್ ರೂಲ್ಸ್' ಎಂಬ ಲಿಖಿತ ನಿಯಮಗಳಿರುತ್ತವೆ. ನಿಲ್ಲಿಸಿ ಎಂದು ಹೇಳುವ ಹಕ್ಕು ಕೆಲಸಕ್ಕೆ ಸೇರಿದ್ದು.

ಮನೆಯವರಿಗೆ ನಾಲ್ಕು ಮಾತು

ಆಸ್ಪತ್ರೆಯಲ್ಲಿ ಕೆಲಸ ಮಾಡದವರೂ ಒಂದಲ್ಲ ಒಂದು ದಿನ ಸ್ಕ್ಯಾನಿಗೆ ಹೋಗುವವರೇ. ಬ್ರಿಟನ್ನಿನ ನಿಯಮದಂತೆ ಸಾಧ್ಯವಿದ್ದಲ್ಲೆಲ್ಲ ಪರೀಕ್ಷೆಗೆ ಮೊದಲೇ ಅದರ ಲಾಭವನ್ನೂ ಅಪಾಯವನ್ನೂ ನಿಮಗೆ ತಿಳಿಸಬೇಕು. ಸಂಕೋಚವಿಲ್ಲದೆ ಕೇಳಿ: ಈ ಪರೀಕ್ಷೆಯಿಂದ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ? ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಸಾಕಾಗುತ್ತದೆಯೇ? ಊರಿನಿಂದ ಅಪ್ಪ ಅಮ್ಮ ಬರುವಾಗ ಹಳೆಯ ಸ್ಕ್ಯಾನಿನ ವರದಿಯ ಜೊತೆ ಚಿತ್ರಗಳಿರುವ ಸಿಡಿಯನ್ನೂ ತರಲು ಹೇಳಿ. ಅದೇ ಪರೀಕ್ಷೆ ಮತ್ತೆ ಮಾಡುವುದು ಎಷ್ಟೋ ಸಲ ತಪ್ಪುತ್ತದೆ. ಬಸುರಿಯಾಗಿರುವ ಸಾಧ್ಯತೆಯಿದ್ದರೆ ಕೇಳುವ ಮೊದಲೇ ಹೇಳಿ. ಎಕ್ಸ್-ರೇ ತೆಗೆಯುವಾಗ ಮೊದಲಿನಂತೆ ನಿಮ್ಮ ಮೇಲೆ ಸೀಸದ ಹೊದಿಕೆ ಹಾಕದಿದ್ದರೆ ಗಾಬರಿಯಾಗಬೇಡಿ. ರೋಗಿಯ ಒಳಗಿನ ಅಂಗಗಳಿಗೆ ತಗಲುವ ಚದುರಿದ ಕಿರಣ ಮೈಯೊಳಗೇ ಹುಟ್ಟುವುದರಿಂದ ಹೊರಗಿನ ಹೊದಿಕೆಯಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದು 2020ರಲ್ಲಿ ಇಲ್ಲಿನ ವೃತ್ತಿಪರ ಸಂಸ್ಥೆಗಳು ಮಾರ್ಗಸೂಚಿ ಕೊಟ್ಟಿವೆ.

ಆಸ್ಪತ್ರೆಯಲ್ಲಿ ದುಡಿಯುವ ಸದಸ್ಯರಲ್ಲಿ ಒಂದು ವಿನಂತಿ. ನಾಳೆ ಕೆಲಸಕ್ಕೆ ಹೋದಾಗ ನಿಮ್ಮ ವಿಭಾಗದ ವಿಕಿರಣ ರಕ್ಷಣೆಯ ಮೇಲ್ವಿಚಾರಕರು ಯಾರೆಂದು ಕೇಳಿ ತಿಳಿದುಕೊಳ್ಳಿ, ನಿಮ್ಮ ಬ್ಯಾಡ್ಜ್‌ನ ಕಳೆದ ವರ್ಷದ ಅಂಕಿಯನ್ನು ಕೇಳಿ ಪಡೆಯಿರಿ. ಅದು ನಿಮ್ಮ ದೇಹದ ಲೆಕ್ಕ, ನೋಡುವ ಹಕ್ಕು ನಿಮ್ಮದು. ಅಂಕಿಯ ಅರ್ಥವಾಗದಿದ್ದರೆ ಈ ರಾಜ್ಯೋತ್ಸವದ ದಿನ ಊಟದ ನಂತರ ಸಭಾಂಗಣದ ಪಕ್ಕದ ಕೋಣೆಯಲ್ಲಿ ನಾನು ಒಂದು ಗಂಟೆ ಕುಳಿತಿರುತ್ತೇನೆ. ಚೀಟಿ ತನ್ನಿ, ಪ್ರಶ್ನೆ ತನ್ನಿ. ಕನ್ನಡದಲ್ಲೇ ಮಾತಾಡೋಣ.